ಪುಳ್ಳಿಯ ಕೆಮ್ಮು ಮತ್ತು ಲೋಕಯ್ಯನವರ ಬ್ಯಾರನ್

ಮಳೆಗಾಲ ಬಂತೆಂದರೆ ಬೀಡಿ ಕಟ್ಟುವವರ ಮನೆಯಲ್ಲಿ ಒಂದೇ ಚಿಂತೆ. ಬೀಡಿ ಥಂಡಿ ಹಿಡಿದರೆ ಕಂಪನಿಯವರು ಬೀಡಿ ಕೊಂಡುಕೊಳ್ಳುವ ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ. ವಾಮದಪದವಿನ ಸೇಸಮ್ಮ ಅದಕ್ಕೊಂದು ಉಪಾಯ ಮಾಡಿದ್ದರು. ಕಟ್ಟಿದ ಬೀಡಿ, ಉಳಿದ ಹೊಗೆಸೊಪ್ಪಿನ ಹುಡಿ ಎಲ್ಲವನ್ನೂ ಬಿದಿರಿನ ಗೆರಸೆಯಲ್ಲಿ ಹರಡಿ ಅಡುಗೆ ಒಲೆಯ ಮೇಲೆ ತೂಗುಹಾಕುತ್ತಿದ್ದರು. ಪಕ್ಕದಲ್ಲೇ ಪುಳ್ಳಿಯ, ಅಂದರೆ ಮಗಳು ದೀಕ್ಷಿತಾಳ ಮಗುವಿನ ತೊಟ್ಟಿಲು. ತೊಟ್ಟಿಲ ಹಗ್ಗ ಅಜ್ಜಿಯ ಕಾಲ ಹೆಬ್ಬೆರಳಿಗೆ, ಕೈ ಬೀಡಿಗೆ. ಕೆಲಸವೂ ಆಗಬೇಕು, ಮಗುವೂ ಮಲಗಬೇಕು, ಪಾಪ ಇನ್ನೇನು ಮಾಡಿಯಾರು? ಆದರೆ ಮಗುವಿನ ಕೆಮ್ಮು ಮಾತ್ರ ಬಿಡಲಿಲ್ಲ.

ಆಶಾ ಕಾರ್ಯಕರ್ತೆ ಸೌದಾ ಒಳಗೆ ಬಂದವರೇ ಮೂಗು ಮುಚ್ಚಿಕೊಂಡರು.

"ಸೇಸಕ್ಕ, ಮಗುವನ್ನು ಆಚೆ ಮಲಗಿಸಿ. ಈ ಹುಡಿ, ಈ ಹೊಗೆ ಎರಡೂ ಅದರ ಎದೆಗೆ ಹೋಗ್ತದೆ."

"ಎಂತ ಮಾರಾಯ್ತಿ! ದೀಕ್ಷಿತಾ ಬೆಳೆದದ್ದೂ ಇದೇ ಒಲೆಯ ಹತ್ತಿರ. ಅವಳಿಗೆ ಎಂತ ಆಗಿದೆ?"

"ಅವಳಿಗೆ ಮಳೆಗಾಲದಲ್ಲಿ ದಮ್ಮು ಬರುವುದಿಲ್ವಾ ಅಕ್ಕ?"

ಸೇಸಮ್ಮ ಮೇಲಿನ ಗೆರಸೆಯತ್ತ ಕೈ ತೋರಿಸಿದರು. ಸುಲಭಕ್ಕೆ ಸೋಲುವವರಲ್ಲ. "ಮತ್ತೆ ಬೀಡಿ ಎಲ್ಲಿ ಒಣಗಿಸುವುದು? ನಿನ್ನ ತಲೆ ಮೇಲಾ?"

ಜಗಲಿಯಲ್ಲಿದ್ದ ಗಂಡ ಲೋಕಯ್ಯ ಎದ್ದು ಬಂದರು. ಪ್ರಾಯದಲ್ಲಿ ಅವರು ಹುಣಸೂರಿನ ಕಡೆ ಬ್ಯಾರನ್ ಕೆಲಸಕ್ಕೆ ಹೋಗಿದ್ದವರು.

"ಬ್ಯಾರನ್ ಅಂದ್ರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆ," ಎಂದರು. "ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ ಮೇಲಿನವರೆಗೆ ಸಾಲುಸಾಲಾಗಿ ತೂಗಿಸ್ತಿದ್ದೆವು. ಬೆಂಕಿ ಹಾಕುವುದು ಹೊರಗಿನಿಂದ. ಕೊಳವೆಯಲ್ಲಿ ಬಿಸಿ ಮಾತ್ರ ಒಳಗೆ ಸುತ್ತುತ್ತದೆ, ಹೊಗೆ ಆಚೆ ಹೋಗ್ತದೆ. ಸೊಪ್ಪು ಹಳದಿ ಆಗಿ, ನರ ಒಣಗುವವರೆಗೆ ದಿನಗಟ್ಟಲೆ ಕಾಯಬೇಕು. ಹದ ನೋಡ್ಲಿಕ್ಕೆ ಒಳಗೆ ಹೋದ ಮೇಸ್ತ್ರಿ ಸೊಪ್ಪಿನ ಘಾಟಿಗೆ ತಲೆ ತಿರುಗಿ ಹೊರಗೆ ಬರ್ತಿದ್ದ. ಅವನ ಮಕ್ಕಳನ್ನು ಬಾಗಿಲ ಹತ್ತಿರವೂ ಬಿಡ್ತಿರ್ಲಿಲ್ಲ. ಸೊಪ್ಪಿಗೆ ಅಂತ ಬೇರೆ ಮನೆಯೇ ಉಂಟು ಅಲ್ಲಿ. ನಾವು ಪುಳ್ಳಿಯನ್ನೂ ಸೊಪ್ಪಿನ ಜೊತೆ ಒಣಗಿಸ್ತಾ ಇದ್ದೇವೆ."

ಸೇಸಮ್ಮ ಮಗುವನ್ನು ಎದೆಗೆ ಅವುಚಿಕೊಂಡರು. ಹೆದರಿಕೆಯಾಗಿತ್ತು. ಸಿಟ್ಟು ಬಂದದ್ದು ಗಂಡನ ಮೇಲೆ.

"ಇಷ್ಟೆಲ್ಲ ಗೊತ್ತಿದ್ದವರು ಇಷ್ಟು ದಿನ ಬಾಯಲ್ಲಿ ಎಂತ ಇಟ್ಟುಕೊಂಡಿದ್ರಿ?"

ಲೋಕಯ್ಯ ತಲೆ ತಗ್ಗಿಸಿದರು. "ಬುದ್ಧಿ ಈಗ ಬಂತು ಮಾರಾಯ್ತಿ."

"ಆಸ್ಪತ್ರೆಗೆ ಈಗಲೇ ಹೋಗುವ," ಎಂದರು ಸೌದಾ.

ಡಾಕ್ಟರು ಮದ್ದು ಕೊಟ್ಟು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅಂದೇ ಸಂಜೆ ಲೋಕಯ್ಯ ಗೆರಸೆಯನ್ನು ಮನೆಯ ಹೊರಗಿನ ಬಚ್ಚಲಿಗೆ ಸಾಗಿಸಿ, ಸ್ನಾನದ ನೀರು ಕಾಯಿಸುವ ಒಲೆಯ ಮೇಲೆ, ಕಿಡಿ ತಾಗದಷ್ಟು ಎತ್ತರದಲ್ಲಿ ಕಟ್ಟಿದರು. ಬೀಡಿ ಕೆಲಸ ಜಗಲಿಗೆ ಬಂತು, ತೊಟ್ಟಿಲು ಒಲೆಯಿಂದ ದೂರದ ಒಳಕೋಣೆಗೆ ಹೋಯಿತು. ಈಗ ಸೇಸಮ್ಮ ಸೋಪು ಹಾಕಿ ಕೈ ತೊಳೆಯದೆ, ಸೀರೆ ಬದಲಿಸದೆ ಮಗುವನ್ನು ಮುಟ್ಟುವುದಿಲ್ಲ.

ಅಕ್ಕಂದಿರೇ, ಬೀಡಿ ನಿಮ್ಮ ಅನ್ನ. ಅದನ್ನು ನಿಲ್ಲಿಸಿ ಎನ್ನಲು ನಮಗೆ ಬಾಯಿಲ್ಲ. ಆದರೆ ಥಂಡಿ ಹಿಡಿದ ಸೊಪ್ಪನ್ನು ಮತ್ತೆ ಒಣಗಿಸಬಹುದು, ಮಗುವಿನ ಎದೆ ಕೆಟ್ಟರೆ ಯಾವ ಒಲೆಯೂ ಸರಿ ಮಾಡದು. ಈ ಕಾಗದ ಕೆಳಗಿಡುವ ಮೊದಲು ಒಮ್ಮೆ ಎದ್ದು, ನಿಮ್ಮ ಮಗು ಎಲ್ಲಿ ಮಲಗಿದೆ ಎಂದು ನೋಡಿ ಬನ್ನಿ.