ಬಂದಾದ ಮೇಲೆ ಉಳಿದದ್ದು

ಸ್ಟೇರಿಂಗ್ ತಿರುಗಲಿಲ್ಲ. ಕರುಣಾ ಎರಡೂ ಕೈಯಿಂದ ಎಡಕ್ಕೆಳೆದಳು. ಆಚೆ ಕಡೆಯಿಂದ ಯಾರೋ ಹಿಡಿದು ಕೂತಂತೆ ಅದು ಬಿಗಿಯಾಗಿತ್ತು. ಮುಂದೆ ಹಗ್ಗ ಕಟ್ಟಿ ಕಾರನ್ನು ಎಳೆಯುತ್ತಿದ್ದ ಮೆಕ್ಯಾನಿಕ್ ಖಾಜಾಮಿಯಾನ ಟೆಂಪೊ ಕಾಗಿಣಾ ಹೊಳೆಯ ಇಳಿಜಾರಿನಲ್ಲಿ ನಿಧಾನವಾಯಿತು. ಬ್ರೇಕ್ ಒತ್ತಿದರೆ ಕಾಲಡಿ ಶಹಾಬಾದದ ಫರಶಿ ಕಲ್ಲು. ಜೀವ ಬಾಯಿಗೆ ಬಂದು, ಸೀಟಿನಿಂದ ಎದ್ದೇ ನಿಂತು ಒತ್ತಿದಳು. ಟೆಂಪೊದಿಂದ ಗೇಣು ದೂರದಲ್ಲಿ ಕಾರು ನಿಂತಿತು.

"ಬಿಡ್ರಿ," ಅಂದಳು. ಎಡಗಡೆಯ ಸೀಟು ಖಾಲಿಯಿತ್ತು.

ಆ ಸೀಟಿನಲ್ಲಿ ಕೂತೇ ಗಂಡ ಸಂಘಪಾಲ ಅವಳಿಗೆ ಕಾರು ಕಲಿಸಿದ್ದು. ಕಲಿಸಿದ್ದೇನು ಬಂತು, ಅವನ ಬಲಗೈ ಸದಾ ಸ್ಟೇರಿಂಗ್ ಮೇಲೆಯೇ. ತೀರಿಕೊಂಡ ದಿನ ಬೆಳಿಗ್ಗೆ ಅವನನ್ನು ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಗೆ, ಕೆಲಸಕ್ಕೆ, ಅವಳೇ ಬಿಟ್ಟು ಬಂದಿದ್ದಳು. ಗೇಟಿನ ಮುಂದೆ ಸಿಟ್ಟು ನೆತ್ತಿಗೇರಿ, "ಕೈ ಬಿಡ್ರಿ ಒಮ್ಮೆ. ಸತ್ತ ಮ್ಯಾಲೂ ಹಿಂಗೇ ಹಿಡ್ಕೊಂಡು ಕುಂದರ್ತೀರೇನು?" ಅಂದುಬಿಟ್ಟಿದ್ದಳು. ಅವನು ನಕ್ಕು ಕೈ ತೆಗೆದ, ಇಳಿದು ಹೋದ. ಮಧ್ಯಾಹ್ನ ಎದೆನೋವೆಂದು ಫೋನು. ಇವಳು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಕಾರು ಮಳಖೇಡದ ತವರುಮನೆಯಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು.

ಈಗ ನರ್ಸ್ ಕರುಣಾಳಿಗೆ ಕುಂಚಾವರಂ ಕಡೆ ವರ್ಗ. ಆ ಕಾಡಿನ ದಾರಿಯಲ್ಲಿ ಬಸ್ಸು ನಂಬಿದರೆ ಆಯಿತು ಗತಿ. ಅದಕ್ಕೇ ಚಾಲೂ ಆಗದ ಕಾರನ್ನು ರಿಪೇರಿಗೆಂದು ಸೇಡಂಗೆ ಎಳೆಸಿಕೊಂಡು ಹೊರಟಿದ್ದಳು. ಮೈದುನ ದೇವಿಂದ್ರ ಮಾತ್ರ ಒಂದೇ ರಾಗ: "ವೈನಿ, ನಿಮ್ಮ ಕೈಲೆ ಆಗಲ್ಲ. ಗಿರಾಕಿ ಸಿಕ್ಕಾನ, ಮಾರಿಬಿಡ್ರಿ." ಕಾರಿನಲ್ಲಿ ಸಂಘಪಾಲ ಇನ್ನೂ ಇರುವುದೇ ನಿಜವಾದರೆ, ಅವನು ಹೀಗೆ ಸಿಟ್ಟಿನಿಂದ ಹಿಡಿದಿದ್ದರೆ, ಮಾರುವುದೇ ಸರಿಯೇನೋ ಎಂದು ಅವಳಿಗೂ ಅನಿಸಿತು.

ಖಾಜಾಮಿಯಾ ಟೆಂಪೊ ನಿಲ್ಲಿಸಿ ಓಡಿಬಂದ. "ಏನಾತ್ರಿ ಸಿಸ್ಟರ್?"

"ಯಾರೋ ಹಿಡ್ದಂಗಾತು ಭಾಯ್. ಸ್ಟೇರಿಂಗ್ ಬಿಡವಲ್ರು."

ಅವನು ಹಣೆ ಬಡಿದುಕೊಂಡ. "ತೋಬಾ, ನಾ ಹೇಳೋದೇ ಮರ್ತೆ. ಇಂಜಿನ್ ಚಾಲೂ ಇದ್ರ ಪಂಪ್ ನಿಮ್ಮ ಕೈಗಿ ಮದತ್ ಮಾಡ್ತದ. ಬ್ರೇಕಿಗೂ ಇಂಜಿನ್ನೇ ಜೋರ್ ಕೊಡ್ತದ. ಬಂದ್ ಆದ್ರ ಎಲ್ಲಾ ನಿಮ್ಮ ತಾಕತ್ತೇ. ಬ್ರೇಕ್‌ನಾಗ ಮಾತ್ರ, ಬಂದ್ ಮಾಡಿದ ಮ್ಯಾಲೂ ಒಂದೆರಡು ಸಲ ಒತ್ತೋವಷ್ಟು ಮದತ್ ಉಳದಿರ್ತದ. ಆಮ್ಯಾಲ ಕಲ್ಲು."

"ಹಂಗಾದ್ರ ಯಾರೂ ಹಿಡ್ದಿದ್ದಿಲ್ಲ?"

"ಯಾರ್ ಹಿಡೀತಾರ್ರಿ?"

ಮರುದಿನ ಸಂಜೆ ಸೇಡಂನ ಅವನ ಅಂಗಡಿಯಲ್ಲಿ ಇಂಜಿನ್ ಚಾಲೂ ಆಯಿತು. ಸ್ಟೇರಿಂಗ್ ಒಂದು ಬೆರಳಿಗೆ ತಿರುಗಿತು. ಇಷ್ಟು ಹಗುರ. ಸಮಾಧಾನವಾಗಬೇಕಿತ್ತು, ಕರುಣಾಳಿಗೆ ಅಳು ಬಂತು. ಸಿಟ್ಟಿನಿಂದಲಾದರೂ ಸರಿ, ಗಂಡನೇ ಹಿಡಿದಿದ್ದರೆ ಚಂದವಿತ್ತು. ಒಬ್ಬಳೇ ಗಂಡನ ಮನೆಯ ತನಕ ಓಡಿಸಿದಳು. ಒಮ್ಮೆಯೂ ಎಡವಲಿಲ್ಲ.

ಬಾಗಿಲಲ್ಲಿ ದೇವಿಂದ್ರ ನಿಂತಿದ್ದ. "ವೈನಿ, ಗಿರಾಕಿಗಿ ಏನ್ ಹೇಳ್ಲಿ?"

"ಕೊಡಲ್ಲಂತ ಹೇಳಪ್ಪ. ಕುಂಚಾವರಂಕ ನಾನೇ ಓಡಸ್ಕೊಂಡು ಹೋಗ್ತೀನಿ."

ಅವನು ಅವಳನ್ನೂ ಕಾರನ್ನೂ ಒಮ್ಮೆ ನೋಡಿ ಒಳಗೆ ಹೋದ. ಕರುಣಾ ಇಂಜಿನ್ ಬಂದ್ ಮಾಡಿದಳು. ಸ್ಟೇರಿಂಗ್ ತಿರುಗಿಸಿ ನೋಡಿದಳು. ಬಿಗಿ. ಕೈ ತೆಗೆಯದೆ ಬ್ರೇಕಿನ ಮೇಲೆ ಕಾಲಿಟ್ಟಳು. ಅದು ಮೆತ್ತಗೆ, ತಾನಾಗಿಯೇ ಎಂಬಂತೆ ಕೆಳಗಿಳಿಯಿತು.

ಒಳಗೆ ಇನ್ನೊಂದು ಸಲ ಒತ್ತುವಷ್ಟು ಮದತ್ ಉಳಿದಿರಬೇಕು. ಕಾಲು ಹಿಂದಕ್ಕೆ ತೆಗೆದಳು, ಮತ್ತೆ ಒತ್ತಲಿಲ್ಲ. ಕೆಳಗಿಳಿದು, ಕಾರಿನೊಳಗೆ ಮಲಗಿದವರಿಗೆ ಎಚ್ಚರವಾಗಬಾರದೆಂಬಂತೆ ಮೆಲ್ಲಗೆ ಬಾಗಿಲು ಹಾಕಿದಳು.