ಎರಡು ಯಂತ್ರ, ಎರಡು ಕ್ಯಾನು

ಇಪ್ಪತ್ತೆರಡು ವರ್ಷಗಳ ಹಿಂದೆ, ಹೆಂಗಸರ ಕೈಗೆ ಕುಡುಗೋಲೇ ಸಾಕು, ಯಂತ್ರವೇಕೆ ಎಂದ ಉದ್ಯಾನದ ಅಧಿಕಾರಿಗಳ ಎದುರು ದೊಡ್ಡಕ್ಕ ಒಂಬತ್ತು ದಿನ ಪಟ್ಟು ಹಿಡಿದು ಕುಳಿತಿದ್ದಳು. ಹತ್ತನೆಯ ದಿನ ಹುಲ್ಲು ಕತ್ತರಿಸುವ ಯಂತ್ರ ಅವಳ ಹೆಗಲೇರಿತು. ಅಂದಿನಿಂದ ಅವಳ ತಂಡದ ಆರು ಹೆಂಗಸರು ಬೆನ್ನು ನೆಟ್ಟಗೆ ಮಾಡಿಕೊಂಡು ದುಡಿದರು.

ಈಗ ಅದೇ ದೊಡ್ಡಕ್ಕನ ಮುಂದೆ, ಹೊಸದಾಗಿ ಬಂದ ನಾಲ್ಕು ಗಾಲಿಯ ಯಂತ್ರ ಮೂರೇ ವಾರಕ್ಕೆ ಹೊಗೆ ಕಾರಿ ಕಾರಿ ಉಸಿರು ನಿಲ್ಲಿಸಿತ್ತು.

"ನೋಡಿದ್ರಾ?" ಎಂದ ಮೇಲ್ವಿಚಾರಕ, ಮಗನ ವಯಸ್ಸಿನವನು. "ಹೊಸ ಮೆಷಿನ್ನನ್ನ ಹೊಗೆಗೂಡು ಮಾಡಿಟ್ರಿ. ನಾಳೆಯಿಂದ ಗುತ್ತಿಗೆಯವರು ಬರ್ತಾರೆ. ಶೆಡ್ಡಿನ ಬೀಗದಕೈ ಕೊಡಿ."

ದೊಡ್ಡಕ್ಕ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೆ ಅಂದ್ಯಲ್ಲಪ್ಪ, ಸಂಜೆವರೆಗೆ ಇದು ನನ್ನ ಹತ್ರಾನೇ ಇರುತ್ತೆ. ಕೆಟ್ಟಿರೋದು ಯಂತ್ರ, ನಾವಲ್ಲ."

ಎಂಜಿನ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆಯನ್ನು ಹಲ್ಲು ಕಚ್ಚಿಕೊಂಡೇ ಕರೆಸಿದಳು. ಸೊಸೆ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ, ಅದು ಬಾಣಲೆಯ ತಳದಂತೆ ಕಪ್ಪಾಗಿತ್ತು.

"ಅತ್ತೆ, ಪೆಟ್ರೋಲಿಗೆ ಆಯಿಲ್ ಬೆರೆಸಿದ್ರಾ?"

"ಬೆರೆಸದೆ ಇರ್ತೀನಾ? ಇಪ್ಪತ್ತೆರಡು ವರ್ಷ ಬೆರೆಸಿದ ಕೈ ಇದು. ಹೊಸದಲ್ವಾ ಅಂತ ಒಂದು ಮುಚ್ಚಳ ಜಾಸ್ತೀನೇ ಹಾಕಿದ್ದೀನಿ. ಅಜ್ಜಿಗೇ ಕೆಮ್ಮು ಕಲಿಸೋಕೆ ಬಂದ್ಯಾ?"

"ನಿಮ್ಮ ಪ್ರೀತಿ ಜಾಸ್ತಿಯಾಗೇ ಅದಕ್ಕೆ ಉಸಿರು ಕಟ್ಟಿದೆ," ಎಂದು ಸೊಸೆ ನಕ್ಕಳು. "ಇದು ಫೋರ್-ಸ್ಟ್ರೋಕ್ ಅತ್ತೆ. ಆಯಿಲ್ಲಿಗೇ ಬೇರೆ ಜಾಗ ಇದೆ, ಪೆಟ್ರೋಲಿಗೆ ಬೇರೆ. ಎರಡನ್ನೂ ಕಲಸಿದ್ರೆ ಹೊಗೆ ಬರುತ್ತೆ, ಪ್ಲಗ್ಗಿಗೆ ಮಸಿ ಹಿಡಿಯುತ್ತೆ."

ತಪ್ಪು ತನ್ನದೇ ಎಂದು ತಿಳಿದಾಗ ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಬರೀ ಪೆಟ್ರೋಲಿನ ಕ್ಯಾನನ್ನು ಎತ್ತಿಕೊಂಡು ಹಳೆಯ ಹೆಗಲ ಯಂತ್ರದತ್ತ ನಡೆದಳು. "ಹಾಗಾದ್ರೆ ಇನ್ಮೇಲೆ ಯಾವುದಕ್ಕೂ ಆಯಿಲ್ ಇಲ್ಲ!"

ಸೊಸೆ ಓಡಿಬಂದು ಅವಳ ಮಣಿಕಟ್ಟು ಹಿಡಿದಳು. "ಅಯ್ಯೋ, ಅದನ್ನ ಕೊಲ್ತೀರಾ? ಅದು ಟೂ-ಸ್ಟ್ರೋಕ್! ಅದಕ್ಕೆ ಪೆಟ್ರೋಲ್ ಜೊತೆ ಬಂದ ಆಯಿಲ್ಲೇ ಗತಿ. ಇಲ್ದಿದ್ರೆ ಪಿಸ್ಟನ್ ಕಚ್ಕೊಂಡುಬಿಡುತ್ತೆ."

"ಇಷ್ಟೆಲ್ಲ ರಗಳೆ ಇದ್ರೆ ಆ ಹಳೇದು ಯಾಕೆ? ಬಿಸಾಕೋಣ."

"ಬೇಡ. ಅದು ಹಗುರ. ಇಳಿಜಾರಲ್ಲಿ, ಬೇಲಿ ಸಂದೀಲಿ ಹೇಗೆ ಓರೆ ಮಾಡಿದ್ರೂ ಓಡುತ್ತೆ. ಆದ್ರೆ ಹೊಗೆ, ಸದ್ದು, ಪೆಟ್ರೋಲ್ ಕುಡಿಯೋದು, ಎಲ್ಲಾ ಜಾಸ್ತಿ. ಈ ಹೊಸದು ಭಾರ, ಆದ್ರೆ ಸಮತಟ್ಟು ಬಯಲಿಗೆ ಇದೇ ಸರಿ. ಕಡಿಮೆ ಕುಡಿಯುತ್ತೆ, ಕಡಿಮೆ ಕೂಗುತ್ತೆ. ದಿನಾ ಆಯಿಲ್ ಮಟ್ಟ ನೋಡ್ಬೇಕು, ಹೊತ್ತಿಗೆ ಸರಿಯಾಗಿ ಬದಲಾಯಿಸ್ಬೇಕು, ಸಿಕ್ಕಸಿಕ್ಕ ಮಗ್ಗುಲಿಗೆ ಕೆಡವಬಾರದು."

"ಹಾಗಾದ್ರೆ ಇದು ನಿಮ್ಮ ಮಾವ," ಎಂದಳು ದೊಡ್ಡಕ್ಕ. "ಆ ಗಲಾಟೆಯದು ನಾನು."

ಅತ್ತೆ ಸೊಸೆ ಸೇರಿ ಟ್ಯಾಂಕ್ ಬರಿದು ಮಾಡಿದರು, ಪ್ಲಗ್ ತಿಕ್ಕಿದರು, ಶುದ್ಧ ಪೆಟ್ರೋಲ್ ಸುರಿದರು. ಹಗ್ಗದ ಮೂರನೆಯ ಎಳೆತಕ್ಕೆ ಯಂತ್ರ ಎದ್ದಿತು. ಮೊದಲು ಒಂದಿಷ್ಟು ಹೊಗೆ ಉಗುಳಿ, ಆಮೇಲೆ ಹದವಾಗಿ ಓಡಿತು. ಎಣ್ಣೆ ಬೆರೆತ ಕ್ಯಾನಿಗೆ ಕೆಂಪು ಬಣ್ಣ, ಬರೀ ಪೆಟ್ರೋಲಿನದಕ್ಕೆ ಬಿಳಿ ಬಣ್ಣ ಬಳಿದರು.

ಸಂಜೆ ಮೇಲ್ವಿಚಾರಕ ಗುತ್ತಿಗೆಯವನನ್ನು ಕರೆದುಕೊಂಡೇ ಬಂದ. ಆರೂ ಹೆಂಗಸರು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದರು.

"ಹೊಗೆ ಬಂದದ್ದು ನನ್ನ ತಪ್ಪು, ಒಪ್ಕೊಂಡೆ," ಎಂದಳು ದೊಡ್ಡಕ್ಕ. "ಬೀಗದಕೈ ಮಾತ್ರ ಕೊಡಲ್ಲ. ಯಾವ ಯಂತ್ರಕ್ಕೆ ಯಾವ ಕ್ಯಾನು, ಯಾಕೆ ಅಂತ ಈ ಗುತ್ತಿಗೆಯವರು ಹೇಳಲಿ. ಹೇಳಿದ್ರೆ ಈಗಲೇ ತಗೊಳ್ಳಿ."

ಗುತ್ತಿಗೆಯವನು ಮೇಲ್ವಿಚಾರಕನ ಮುಖ ನೋಡಿದ. ಮೇಲ್ವಿಚಾರಕ ಕ್ಯಾನುಗಳನ್ನು ನೋಡಿದ. ದೊಡ್ಡಕ್ಕ ಒಂದೇ ಉಸಿರಿಗೆ ಎಲ್ಲವನ್ನೂ ವಿವರಿಸಿ, ಬಯಲಿನ ಉದ್ದಕ್ಕೂ ಯಂತ್ರ ಓಡಿಸಿ ತೋರಿಸಿದಳು. ಗುತ್ತಿಗೆಯವನು ಹೊರಟುಹೋದ.

ಯಂತ್ರ ಹಿಡಿಯುವ ಬಂಧುಗಳೇ, ನಿಮ್ಮಿಂದ ಆಗದು ಎಂದವರಿಗೆ ತಲೆಬಾಗಬೇಡಿ. ತಿಳಿಯದ್ದನ್ನು ತಿಳಿದಿದೆ ಎಂದೂ ಬೀಗಬೇಡಿ. ಎಂಜಿನ್ನಿನಲ್ಲಿ ಎಣ್ಣೆಗೆ ಬೇರೆ ಮುಚ್ಚಳವಿದೆಯೇ ಎಂದು ಮೊದಲು ನೋಡಿ. ಇದ್ದರೆ ಬೆರೆಸಬೇಡಿ, ಇಲ್ಲದಿದ್ದರೆ ಕೈಪಿಡಿ ಹೇಳಿದಷ್ಟನ್ನು ಅಳೆದು ಬೆರೆಸಿ. ಎಂಜಿನ್ ತಣಿದ ಮೇಲಷ್ಟೇ ಪೆಟ್ರೋಲ್ ಸುರಿಯಿರಿ. ಕ್ಯಾನುಗಳನ್ನು ಇಂದೇ ಬೇರೆ ಮಾಡಿ.

ಅಂದು ಮೇಲ್ವಿಚಾರಕ ಮಾತ್ರ ಶೆಡ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ಎಲ್ಲರೂ ಕೈ ತೊಳೆಯಲು ಹೋದ ಮೇಲೆ ಮೆಲ್ಲನೆ ಕೇಳಿದ:

"ದೊಡ್ಡಕ್ಕಾ, ಆ ಕೆಂಪು ಕ್ಯಾನಿಂದು... ಇನ್ನೊಂದ್ಸಲ ಹೇಳ್ತೀರಾ?"