ಮಸಿಚೀಲ

ಬದರಿನಾಥ ನಮ್ಮ ಸಂಗ್ರಹಾಲಯಕ್ಕೆ ಬಂದ ಮೊದಲ ದಿನವೇ ನಾನು ಅವನಿಗೆ ‘ಕಾರ್‌ಬಾಗಿಲು’ ಎಂದು ಹೆಸರಿಟ್ಟೆ. ಸ್ವೀಡನ್ನಿನ ಇದೇ ಗೋಥೆನ್‌ಬರ್ಗಿನಲ್ಲಿ ಆರು ವರ್ಷ ಕಂಪ್ಯೂಟರಿನ ಮುಂದೆ ಕೂತು ಕಾರಿನ ಬಾಗಿಲು ರಚಿಸಿದವನು. ಬರೀ ಬಾಗಿಲು! ಹಿಡಿಕೆ ಕೂಡ ಅಲ್ಲ, ಅದು ಬೇರೆ ಡಿಪಾರ್ಟ್‌ಮೆಂಟಿನವರದಂತೆ. ಅಂಥವನನ್ನು ಎರಡು ತಿಂಗಳಿಗೆ ಕರೆತಂದು ಆಳಸಮುದ್ರದ ಪ್ರಾಣಿಯ ಒಡಲಿನ ಮಾಡೆಲ್ ಮಾಡಿಸುತ್ತೇನೆಂದು ನಮ್ಮ ಪ್ರೊಫೆಸರ್ ಗುನಿಲ್ಲಾ ಹೊರಟರೆ ನಾನೇನು ಆರತಿ ಎತ್ತಬೇಕಿತ್ತೇ?

ನಾನು ಕಾಂಚನಾ, ಕಾರವಾರದವಳು. ಸಮುದ್ರಜೀವಿಗಳನ್ನು ಕುಯ್ದು, ಒಳಗಿರುವುದನ್ನು ನೋಡಿ ಚಿತ್ರ ಬರೆಯುವುದು ಹನ್ನೊಂದು ವರ್ಷದಿಂದ ಇಲ್ಲಿ ನನ್ನ ಕೆಲಸ. ಕನ್ನಡ ಸಂಘದ ಹೆಂಗಸರು ಬೆನ್ನ ಹಿಂದೆ ನನ್ನನ್ನು ‘ಮೀನು ಕುಯ್ಯೋ ಆಂಟಿ’ ಅನ್ನುತ್ತಾರೆ. ಯುಗಾದಿಗೆ ನಾನು ಒಯ್ದ ಕೋಸಂಬರಿಯನ್ನು ಮೂಸಿ ನೋಡಿ ಬಡಿಸಿಕೊಳ್ಳುತ್ತಾರೆ. ಮೂಸಲಿ. ಅವರ ಗಂಡಂದಿರು ದಿನಕ್ಕೆ ಎಂಟು ಗಂಟೆ ಏನು ಮಾಡುತ್ತಾರೆಂದು ಆ ಹೆಂಗಸರಿಗೆ ಇವತ್ತಿಗೂ ಗೊತ್ತಿಲ್ಲ.

ಈ ಸಲದ ಪ್ರಾಣಿ ಒಂದು ಪುಟಾಣಿ ಸ್ಕ್ವಿಡ್, ನಮ್ಮ ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಅದರ ಮೋಟುಬಾಲದ ದಾಯಾದಿ. ಸಾವಿರದೈನೂರು ಮೀಟರ್ ಆಳದಿಂದ ಬಲೆಗೆ ಬಂದದ್ದು. ಹೆಬ್ಬೆಟ್ಟಿನಷ್ಟು ಗಾತ್ರ, ಚಿಲ್ಲರೆ ಹಾಕುವ ಸಂಚಿಯಂಥ ಗುಂಡು ಮೈ, ಆ ಕಡೆ ಈ ಕಡೆ ಆನೆಕಿವಿಯಂಥ ಎರಡು ರೆಕ್ಕೆ. ಎಂಟು ತೋಳು, ಬೇಟೆಗೆ ಎರಡು ಉದ್ದ ಬಾಹು, ತಲೆಯ ಮುಕ್ಕಾಲು ಪಾಲು ಕಣ್ಣು. ಬೆನ್ನಿಗೆ ಮೂಳೆಯಿಲ್ಲ. ಹೃದಯ ಮಾತ್ರ ಮೂರು. ಅನ್ನನಾಳ ಮೆದುಳಿನ ನಟ್ಟನಡುವೆ ಹಾದುಹೋಗುತ್ತದೆ, ದೊಡ್ಡ ತುತ್ತು ನುಂಗಿದರೆ ಪೆಟ್ಟು ಬೀಳುವುದು ಮೆದುಳಿಗೇ. ಸಂಘದ ಊಟದ ಸಾಲಿನಲ್ಲಿ ನನಗೆ ಇದು ಎಷ್ಟೋ ಸಲ ನೆನಪಾಗುತ್ತದೆ.

ಸಿಕ್ಕಿದ್ದು ಎರಡೇ, ಒಂದು ಹೆಣ್ಣು, ಒಂದು ಗಂಡು. ಈ ಜಾತಿಯನ್ನು ಹಿಂದೆ ಯಾರೂ ವರ್ಣಿಸಿರಲಿಲ್ಲ. ಗುನಿಲ್ಲಾಳ ಪ್ರಬಂಧ ಅಚ್ಚಾದರೆ ಇದಕ್ಕೆ ಹೆಸರು ಬರುತ್ತದೆ, ಜೊತೆಗೆ ನನಗೂ. ಇಷ್ಟು ವರ್ಷ ನನ್ನ ಹೆಸರು ಬರುತ್ತಿದ್ದುದು ಪ್ರಬಂಧದ ಬುಡದ ‘ಕೃತಜ್ಞತೆಗಳು’ ಭಾಗದಲ್ಲಿ, ಒಮ್ಮೆಯಂತೂ ಹಡಗಿನ ಅಡುಗೆಯವನ ಕೆಳಗೆ! ಈ ಸಲ ಲೇಖಕರ ಸಾಲಿನಲ್ಲೇ ಹಾಕುತ್ತೇನೆಂದು ಗುನಿಲ್ಲಾ ಮಾತು ಕೊಟ್ಟಿದ್ದಳು. ಆ ಸಾಲಿಗಾಗಿ ನಾನು ಹನ್ನೊಂದು ವರ್ಷ ಕಾದಿದ್ದೆ.

ಹೆಣ್ಣನ್ನು ನಾನು ಕುಯ್ದೆ. ಸ್ಕ್ವಿಡ್ ಜಾತಿಗೆಲ್ಲ ಕರುಳಿನ ಪಕ್ಕ ಮಸಿಚೀಲ ಇರುತ್ತದೆ, ಶತ್ರುವಿನ ಕಣ್ಣಿಗೆ ಉಗುಳಲು. ಬ್ಲೇಡು ಒಂದು ಕೂದಲಷ್ಟು ತಗುಲಿದರೂ ಅದು ಒಡೆದು ತಟ್ಟೆಯೆಲ್ಲ ಕಪ್ಪಾಗುತ್ತದೆ. ಇಲ್ಲಿನ ಪಿಎಚ್‌ಡಿ ಮಹಾಶಯರು ಪ್ರತಿ ಸಲವೂ ಮಸಿ ಮೆತ್ತಿಕೊಂಡೇ ಏಳುವುದು. ನನ್ನ ತಟ್ಟೆಯ ದ್ರವ ಕೊನೆಯವರೆಗೂ ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಗುನಿಲ್ಲಾಳನ್ನು ಕರೆದು ತೋರಿಸಿದೆ. “ನೋಡು, ಒಂದು ತೊಟ್ಟೂ ಚೆಲ್ಲಿಲ್ಲ!” ಆಮೇಲೆ ಚಿತ್ರ. ಚುಕ್ಕಿ ಇಟ್ಟು ನೆರಳು ತರುವ ಹಳೆಯ ಕ್ರಮ ನನ್ನದು. ಮುನ್ನೂರಕ್ಕೂ ಹೆಚ್ಚು ಸ್ಕ್ವಿಡ್ ಬಿಚ್ಚಿ ಬರೆದ ಕೈ ತಾನಾಗಿಯೇ ಓಡಿತು. ಏಳನೆಯ ನಂಬರು ಮಸಿಚೀಲ, ಅದೊಂದಕ್ಕೇ ನಾನೂರು ಚುಕ್ಕಿ.

ಇದ್ದ ಒಂದೇ ಗಂಡಿಗೆ ಬ್ಲೇಡು ಹಾಕುವಂತಿರಲಿಲ್ಲ. ಒಳಗಿನದು ಎದ್ದು ಕಾಣಲೆಂದು ಅದನ್ನು ಅಯೋಡಿನ್‌ನಲ್ಲಿ ನೆನೆಸಿ ಸ್ಕ್ಯಾನ್ ಮಾಡಿಸಿ, ಆ ಸ್ಕ್ಯಾನಿನಿಂದ ಮಾಡೆಲ್ ಮಾಡುವುದು ಕಾರ್‌ಬಾಗಿಲಿನ ಪಾಲಿಗೆ ಬಂತು.

ಬುಧವಾರ ಮಧ್ಯಾಹ್ನ ಮೂರಕ್ಕೆ ನಮ್ಮಲ್ಲಿ ಫೀಕಾ. ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ಸುತ್ತ ಎಲ್ಲರೂ ಸೇರಲೇಬೇಕು, ತಪ್ಪಿಸಿಕೊಂಡವರನ್ನು ಅನುಮಾನದಿಂದ ನೋಡುತ್ತಾರೆ. ಬದರಿನಾಥ ಪರದೆಯ ಮೇಲೆ ತನ್ನ ಮಾಡೆಲ್ ತಿರುಗಿಸಿದ. ನಾನು ಬನ್ನು ಕೆಳಗಿಟ್ಟೆ. ಈ ಪ್ರಾಣಿಗಳ ಗಂಡಿಗೆ ಬೀಜದ ಚೀಲವೂ ಅದರ ನಾಳವೂ ಎಡಗಡೆ ಮಾತ್ರ ಇರುತ್ತವೆ. ಇವನ ಗಂಡಿಗೆ ಎರಡೂ ಕಡೆ!

“ಏನ್ರೀ ಇದು ಬದರಿನಾಥ್?” ಅಂದೆ.

“ರೈಟ್ ಸೈಡ್ ಸ್ವಲ್ಪ ಬ್ಲರ್ ಆಗಿತ್ತು ಮೇಡಂ. ಸೋ, ಲೆಫ್ಟ್ ಸೈಡ್‌ನೇ ಮಿರರ್ ಮಾಡ್ದೆ. ಡೋರ್‌ಗೆಲ್ಲ ಹಾಗೇ ಮಾಡೋದು, ಒಂದು ಮಾಡಿದ್ರೆ ಇನ್ನೊಂದು ಫ್ರೀ.”

ಇದನ್ನು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಅವನ ಮಾತನ್ನು ಸ್ವೀಡಿಷ್‌ಗೆ ತಿರುಗಿಸಿ ಇಡೀ ಕೋಣೆಗೆ ಹೇಳಿದೆ. “ಕಾರು ಕಂಪನಿಯವರಲ್ಲವೇ, ಗಂಡಸುತನವನ್ನೂ ಸ್ಪೇರ್ ಸಮೇತ ಡೆಲಿವರಿ ಕೊಟ್ಟಿದ್ದಾರೆ” ಎಂದು ಸೇರಿಸಿದೆ. ಜೋರಾಗಿ ಮಾತಾಡಲೂ ಹಿಂಜರಿಯುವ ಈ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬದರಿನಾಥನೂ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ನಕ್ಕ. ನನಗೆ ಬಹಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತ.

“ಮೇಡಂ, ಮಿರರ್ ತೆಗೆದ್ಬಿಟ್ಟೆ. ಒಂದು ಡೌಟ್ ಇತ್ತು. ನಿಮ್ಮ ಡ್ರಾಯಿಂಗಲ್ಲಿ ಸೆವೆನ್ ಅಂತ ಇದ್ಯಲ್ಲ, ಆ ಪೌಚ್ ಸ್ಕ್ಯಾನಲ್ಲಿ ಸಿಗ್ತಾನೇ ಇಲ್ಲ. ಕ್ಲಿಯರ್ ಆಗಿರೋ ಕಡೇನೂ ಇಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. “ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ. ಸ್ಕ್ವಿಡ್‌ಗೆ ಮಸಿಚೀಲ ಇಲ್ಲ ಅಂತ ನನಗೆ ಹೇಳೋಕೆ ಬಾಗಿಲು ಮಾಡೋರು ಬರ್ಬೇಕಿತ್ತಾ?”

“ಸಾರಿ ಮೇಡಂ” ಎಂದು ಹೋದ.

ಅಷ್ಟು ಬೈದರೂ ನನಗೆ ಸಮಾಧಾನವಾಗಲಿಲ್ಲ. ಅವನ ‘ಡೌಟ್’ ಆರು ದಿನ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಬಾಯಲ್ಲೇ ಇತ್ತು. ಮುಂದಿನ ಬುಧವಾರ ಸಂಜೆ ಪ್ರಬಂಧ ಕಳಿಸುವುದೆಂದು ನಿಗದಿಯಾಗಿತ್ತು. ಅಷ್ಟರೊಳಗೆ ಮಸಿಚೀಲದ್ದೊಂದು ಫೋಟೋ ತೆಗೆದು ಅವನ ಕಂಪ್ಯೂಟರಿಗೆ ಅಂಟಿಸಿಬಿಡೋಣ ಎಂದುಕೊಂಡು, ಆ ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಹೆಣ್ಣಿನ ಬಾಟಲಿ ತೆರೆದೆ.

ಹೊಟ್ಟೆಯೊಳಗೆ ಮುಂದುಗಡೆ ಎರಡು ದಪ್ಪ ಬಿಳಿ ಗ್ರಂಥಿಗಳಿವೆ, ಮೊಟ್ಟೆಗೆ ಕವಚ ಕಟ್ಟುವಂಥವು. ಚಿಮಟದಿಂದ ಅವನ್ನು ಎತ್ತಿದೆ. ಕೆಳಗೆ ಕರುಳಿತ್ತು. ಕರುಳಿನ ಪಕ್ಕ ಚೀಲವಿರಲಿಲ್ಲ. ದೀಪ ಹತ್ತಿರಕ್ಕೆ ಎಳೆದೆ. ಅಕ್ಕಿನುಚ್ಚಿನಷ್ಟು ಬಿಳಿಯ ಏನೋ ಒಂದು, ಹೆಸರಿಗೆ ಉಳಿದುಕೊಂಡದ್ದು. ಸೂಜಿ ಚುಚ್ಚಿದೆ. ಕಪ್ಪು ಬರಲಿಲ್ಲ.

ಯಾಕೆ ಬರುತ್ತದೆ? ಸೂರ್ಯನ ಬೆಳಕೇ ತಲುಪದ ಆಳದಲ್ಲಿ ಯಾರ ಕಣ್ಣಿಗೆ ಮಸಿ ಉಗುಳಬೇಕು? ಆ ಪ್ರಾಣಿ ಬೇಡವಾದದ್ದನ್ನು ಬಿಟ್ಟುಬಿಟ್ಟಿತ್ತು. ಕುಯ್ದ ದಿನ ನಾನು ಗ್ರಂಥಿಗಳನ್ನು ಎತ್ತಿಯೇ ನೋಡಿರಲಿಲ್ಲ. ಕೆಳಗೆ ಏನಿದೆ ಎಂದು ನನಗೆ ಗೊತ್ತಲ್ಲ! ಒಂದು ತೊಟ್ಟೂ ಚೆಲ್ಲಿಲ್ಲವೆಂದು ಜಂಬ ಕೊಚ್ಚಿದೆನಲ್ಲ, ಚೆಲ್ಲಲು ಅಲ್ಲಿ ಏನಾದರೂ ಇದ್ದರೆ ತಾನೆ. ಅವನು ಒಂದು ಬಾಗಿಲು ನೋಡಿ ಇನ್ನೊಂದು ಬಾಗಿಲು ಮಾಡಿದ. ನಾನು ಮುನ್ನೂರು ಹೊಟ್ಟೆ ನೋಡಿ ಇದರ ಹೊಟ್ಟೆ ಬರೆದೆ. ಥೂ ನನ್ನ ಜನ್ಮಕ್ಕೆ.

ಹೆಣ್ಣನ್ನು ಮತ್ತೆ ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ. ಈ ಬಾಟಲಿಯನ್ನು ಇನ್ನು ಐವತ್ತು ವರ್ಷ ಯಾರೂ ತೆರೆಯುವುದಿಲ್ಲ ಎಂಬ ಯೋಚನೆಯೂ ಬಂತು. ಆದರೆ ಅವನ ಸ್ಕ್ಯಾನ್ ಇತ್ತಲ್ಲ. ಎದ್ದು ಅವನ ಕೋಣೆಗೆ ಹೋದೆ. ಪರದೆಯ ಮೇಲೆ ಗಂಡಿನ ಮಾಡೆಲ್ ತಿರುಗುತ್ತಿತ್ತು, ಕರುಳಿನ ಪಕ್ಕದಲ್ಲಿ ದುಂಡಗೆ, ಕಪ್ಪಗೆ ಮಸಿಚೀಲ.

“ಇದೆಲ್ಲಿಂದ ಬಂತು?”

“ನೀವು ಹೇಳಿದ್ರಲ್ಲ ಮೇಡಂ. ನಿಮ್ಮ ಡ್ರಾಯಿಂಗ್ ನೋಡಿ ಸೇಮ್ ಸೈಜ್ ಹಾಕ್ಬಿಟ್ಟೆ. ಫೈನಲ್ ಕಾಪಿ ಗುನಿಲ್ಲಾಗೂ ಕಳ್ಸಿದೀನಿ.”

ನನ್ನ ಸುಳ್ಳಿಗೆ ಈಗ ಸಾಕ್ಷಿಯೂ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಗೆ ನಾನು ಲೇಖಕಿ.

“ತೆಗೀರಿ ಅದನ್ನ” ಅಂದೆ.

“ಮತ್ತೆ ತಪ್ಪು ಮಾಡಿದ್ನಾ ಮೇಡಂ?”

“ತಪ್ಪು ನಂದು. ಅಲ್ಲಿ ಚೀಲಾನೇ ಇಲ್ಲ. ನೀವು ನೋಡಿದ್ದೇ ಸರಿ.”

ಅವನು ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದ. ಹೊರಗೆ ಯಾರೋ ನಗಲು ಕಾದು ನಿಂತಿದ್ದಾರೆಂದು ಅವನಿಗೆ ಅನಿಸಿರಬೇಕು. ಅದನ್ನು ಕಂಡಾಗ ನನಗೆ ನಿಜವಾಗಿ ನಾಚಿಕೆಯಾಯಿತು.

ಮೂರು ಗಂಟೆಗೆ ಫೀಕಾ. ಅವನು ನಗೆಪಾಟಲಾದ ಜಾಗದಲ್ಲೇ ಎದ್ದು ನಿಂತು, ಅದೇ ಸ್ವೀಡಿಷ್‌ನಲ್ಲಿ ಎಲ್ಲವನ್ನೂ ಹೇಳಿದೆ. ನೋಡದೆ ಬರೆದದ್ದು, ಕೇಳಿದವನನ್ನು ಬೈದದ್ದು, ಎಲ್ಲ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಗುನಿಲ್ಲಾ ಕಾಫಿ ಬಟ್ಟಲನ್ನು ಬದಿಗೆ ಸರಿಸಿದಳು. ಆಮೇಲೆ, “ಮಸಿಚೀಲ ಇಲ್ಲದ್ದೇ ಈ ಜಾತಿಯ ಮುಖ್ಯ ಗುರುತು. ನಾವು ಅದನ್ನೇ ಕಳೆದುಕೊಳ್ಳುತ್ತಿದ್ದೆವು” ಅಂದಳು. ಲೇಖಕರ ಸಾಲಿದ್ದ ಹಾಳೆಯನ್ನು ನನ್ನ ಮುಂದೆ ತಳ್ಳಿದಳು. ಅದರಲ್ಲಿ ನನ್ನ ಹೆಸರು ಎರಡನೆಯದು. “ಕಂಡುಹಿಡಿದವನ ಹೆಸರು ಎಲ್ಲಿ ಬರಬೇಕೋ ನೀನೇ ಬರೆ.”

ನನ್ನ ಹೆಸರನ್ನು ನಾನೇ ಹೊಡೆದುಹಾಕಿದೆ. ಅದರ ಮೇಲೆ ಬದರಿನಾಥ ಎಂದು ಬರೆದು ನಿಂತೆ. ಲೇಖಕರಿಗೆ ಪೂರ್ತಿ ಹೆಸರು ಬೇಕು. ಎರಡು ತಿಂಗಳು ಪಕ್ಕದ ಕೋಣೆಯಲ್ಲಿ ಕೂತವನ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ಅವನು ಎದ್ದು ಬಂದು, “ಕೊಡಿ ಮೇಡಂ” ಎಂದು ಪೆನ್ನು ತೆಗೆದುಕೊಂಡು ತಾನೇ ಬರೆದ.